22 ವರ್ಷದ ಲೆಕ್ಕ: ಜಿ.ಎನ್.ಎಂ. ನರ್ಸ್ ಒಬ್ಬರು ಪದವಿಗೆ ಮರಳಿದ ಪ್ರಕರಣ

ಮೇ 12, ನರ್ಸ್‌ಗಳ ದಿನ. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ದೀಪ ಹಚ್ಚಿ, ಪ್ರತಿಜ್ಞೆ ಓದಿ, ಕೇಕ್ ಕತ್ತರಿಸಿದ ಮೇಲೆ ನೋಟಿಸ್ ಬೋರ್ಡಿಗೆ ಒಂದು ಸುತ್ತೋಲೆ ಅಂಟಿಸಿದರು. ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಆದ ಸಿಬ್ಬಂದಿ, ಡಿಪ್ಲೊಮಾದವರಿಗೆಂದೇ ಇರುವ ಪದವಿ ಕೋರ್ಸಾದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ನರ್ಸಿಂಗ್ ಓದಿ ಅರ್ಹತೆ ಹೆಚ್ಚಿಸಿಕೊಳ್ಳಬೇಕು, ಆಸಕ್ತರು ಮೇ 31ರೊಳಗೆ ನರ್ಸಿಂಗ್ ಸೂಪರಿಂಟೆಂಡೆಂಟರಲ್ಲಿ ಹೆಸರು ಕೊಡಬೇಕು ಎಂದು ಅದರಲ್ಲಿತ್ತು. ಮೇ 31 ದಾಟಿತು. ಆಸ್ಪತ್ರೆಯ 86 ನರ್ಸ್‌ಗಳಲ್ಲಿ 61 ಮಂದಿ ಜಿ.ಎನ್.ಎಂ.ನವರು. ಒಬ್ಬರೂ ಹೆಸರು ಕೊಡಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಆಸ್ಪತ್ರೆ, ಇಲ್ಲಿನ ನರ್ಸ್, ಅವರ ಸಂಬಳ ಎಲ್ಲವೂ ಕರಾವಳಿಯ ಆಸ್ಪತ್ರೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಸೇರಿಸಿ ಪಾಠಕ್ಕಾಗಿ ಕಟ್ಟಿದ ಸನ್ನಿವೇಶ. ಸಂಬಳ, ಶುಲ್ಕ, ಹಾಸಿಗೆಗಳ ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡಿದೆ. ನಿಮ್ಮ ಆಸ್ಪತ್ರೆಯ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಬೇಕು. ಕೋರ್ಸಿನ ಗಂಟೆ, ಹಾಜರಿ, ಪ್ರವೇಶದ ನಿಯಮ, ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ನೌಕರರ ಆರೋಗ್ಯ ವಿಮೆ), ಗ್ರಾಚ್ಯುಯಿಟಿಯ (ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಮೊತ್ತ) ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆ.

ಸುತ್ತೋಲೆ ಯಾಕೆ ಬಿದ್ದುಹೋಯಿತು

ಮೊದಲ ತಪ್ಪು ಒಂದೇ ಪದದಲ್ಲಿತ್ತು: ಅರ್ಹತೆ. 15 ವರ್ಷ ಲೇಬರ್ ರೂಮಿನಲ್ಲಿ ಕೆಲಸ ಮಾಡಿದ ಸೀನಿಯರ್ ಸಿಸ್ಟರ್‌ಗಳು ಅದನ್ನು ಓದಿ, "ಹಾಗಾದರೆ ಇಷ್ಟು ದಿನ ನಾವು ಅರ್ಹರಲ್ಲದೆ ಹೆರಿಗೆ ಮಾಡಿಸಿದ್ದಾ?" ಎಂದರು. ಅವರು ಹಾಗೆ ಕೇಳಿದ ಮೇಲೆ ಜೂನಿಯರ್‌ಗಳಲ್ಲಿ ಆಸೆ ಇದ್ದವರೂ ಬಾಯಿ ಬಿಡಲಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಅಮೆರಿಕದಲ್ಲಿ ಕೆಲಸದಲ್ಲಿರುವ ನರ್ಸ್‌ಗಳನ್ನು ಪದವಿಗೆ ಕರೆತರುವ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾನೂನನ್ನೇ ಮಾಡಿತು: ಹೊಸದಾಗಿ ನೋಂದಣಿಯಾದ ನರ್ಸ್ 10 ವರ್ಷದೊಳಗೆ ಪದವಿ ಪಡೆಯಬೇಕು. ಅಲ್ಲಿ ಬಹುಪಾಲು ನರ್ಸ್‌ಗಳು ಡ್ಯೂಟಿ ಬಿಡದೆ ಆನ್‌ಲೈನಿನಲ್ಲಿ ಓದಿ ಮುಗಿಸುತ್ತಾರೆ, ಆದ್ದರಿಂದ ಅಲ್ಲಿನ ಸಲಹೆಗಳೆಲ್ಲ ಸಮಯ ಹೊಂದಿಸಿಕೊಳ್ಳುವುದರ ಸುತ್ತಲೇ ಇರುತ್ತವೆ. ನಮ್ಮ ಪೋಸ್ಟ್ ಬೇಸಿಕ್ ಪೂರ್ಣಾವಧಿಯ 2 ವರ್ಷದ ಕೋರ್ಸು. ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ 525 ಗಂಟೆ ಥಿಯರಿ, 810 ಗಂಟೆ ಪ್ರಾಯೋಗಿಕ. ಎರಡನೇ ವರ್ಷಕ್ಕೆ 345 ಮತ್ತು 855. ಒಟ್ಟು 2,535 ಗಂಟೆಯಲ್ಲಿ 1,665 ಗಂಟೆ ವಾರ್ಡಿನಲ್ಲೋ ಹಳ್ಳಿಯಲ್ಲೋ ನಿಂತು ಮಾಡುವ ಕೆಲಸ. ಇದನ್ನು ರಾತ್ರಿ ಡ್ಯೂಟಿ ಮುಗಿಸಿ ಮನೆಯಲ್ಲಿ ಕೂತು ಓದಿ ಮುಗಿಸಲಾಗದು. ಅಂದರೆ ಸುತ್ತೋಲೆ ಕೇಳಿದ್ದು ಎರಡು ವರ್ಷದ ಸಂಬಳ ಬಿಡುವುದನ್ನು. ಆ ಸಂಬಳವನ್ನು ಯಾರು ತುಂಬುತ್ತಾರೆ ಎಂಬುದರ ಬಗ್ಗೆ ಅದರಲ್ಲಿ ಒಂದು ಅಕ್ಷರ ಇರಲಿಲ್ಲ.

ಸೂಪರಿಂಟೆಂಡೆಂಟ್ ಜೂನ್ ತಿಂಗಳಲ್ಲಿ ಸುತ್ತೋಲೆ ತೆಗೆಸಿ, ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ಐ.ಸಿ.ಯು.ನ ಒಬ್ಬ ಸಿಸ್ಟರ್ ಹತ್ತಿರ ಮಾತು ನಿಂತಿತು.

ಆ ಸಿಸ್ಟರ್

ವಯಸ್ಸು 31. ಬಂಟ್ವಾಳದ ಕಡೆಯವರು, ಬಿ.ಸಿ. ರೋಡಿನಿಂದ ದಿನಾ ಬಸ್ಸು. ಪಿ.ಯು.ಸಿ.ಯಲ್ಲಿ ಕಲಾ ವಿಭಾಗ. ನಂತರ ಜಿ.ಎನ್.ಎಂ., ಆಮೇಲೆ ಇದೇ ಆಸ್ಪತ್ರೆಯಲ್ಲಿ 8 ವರ್ಷ 7 ತಿಂಗಳು. ಗಂಡ ಬಂದರಿನ ಮೀನು ಸಾಗಿಸುವ ಲಾರಿಯ ಡ್ರೈವರ್; ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಆ ಸಂಪಾದನೆ ಅರ್ಧಕ್ಕೆ ಇಳಿಯುತ್ತದೆ. ಯು.ಕೆ.ಜಿ.ಯಲ್ಲಿ ಮಗಳು. ಮನೆಯಲ್ಲಿ ಅತ್ತೆ. ಸಂಬಳ ತಿಂಗಳಿಗೆ 19,500.

ಪಿ.ಯು.ಸಿ. ಕಲಾ ವಿಭಾಗ ಎಂಬುದು ಇಲ್ಲಿ ಮುಖ್ಯ. ನಾಲ್ಕು ವರ್ಷದ ಬೇಸಿಕ್ ಬಿ.ಎಸ್‌ಸಿ. ನರ್ಸಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಅದಕ್ಕೇ ಅವರು ಅಂದು ಜಿ.ಎನ್.ಎಂ.ಗೆ ಹೋದದ್ದು. ಪೋಸ್ಟ್ ಬೇಸಿಕ್‌ಗೆ ಆ ತಡೆ ಇಲ್ಲ: ಯಾವ ವಿಭಾಗದ್ದಾದರೂ ಪಿ.ಯು.ಸಿ. ಪಾಸು, ಜಿ.ಎನ್.ಎಂ. ಪಾಸು, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಆಗಿ ಚಾಲ್ತಿಯಲ್ಲಿರುವ ನೋಂದಣಿ. "ನಾನು ಆರ್ಟ್ಸ್, ನನಗೆ ಬಿ.ಎಸ್‌ಸಿ. ಸಿಕ್ಕುದಿಲ್ಲ" ಎಂದು ಎಂಟು ವರ್ಷ ನಂಬಿಕೊಂಡಿದ್ದ ನರ್ಸ್‌ಗಳು ಪ್ರತಿ ಆಸ್ಪತ್ರೆಯಲ್ಲೂ ಸಿಗುತ್ತಾರೆ. ಪ್ರೋತ್ಸಾಹ ಎಂಬ ಹೆಸರಿನಲ್ಲಿ ಮಾಡಬಹುದಾದ ಅತಿ ಅಗ್ಗದ ಕೆಲಸ ಈ ಒಂದು ತಪ್ಪು ತಿಳಿವಳಿಕೆ ಬಿಡಿಸುವುದು. ಬ್ರದರ್‌ಗಳಿಗೆ (ಗಂಡು ನರ್ಸ್‌ಗಳಿಗೆ) ಬೇರೆ ತೊಡಕುಂಟು. ಹಳೆಯ ಪಠ್ಯಕ್ರಮದಲ್ಲಿ ಮಿಡ್‌ವೈಫರಿ ಇಲ್ಲದೆ ಜಿ.ಎನ್.ಎಂ. ಮುಗಿಸಿದವರು ಅದರ ಬದಲಿಗೆ ಒ.ಟಿ. (ಶಸ್ತ್ರಚಿಕಿತ್ಸಾ ಕೊಠಡಿ), ಮನೋರೋಗ, ಕಣ್ಣು, ಕುಷ್ಠ ಇಂಥ ಯಾವುದಾದರೂ ವಿಭಾಗದಲ್ಲಿ ಪಡೆದ ಮಾನ್ಯ ತರಬೇತಿಯ ಪತ್ರ ತೋರಿಸಬೇಕಾಗುತ್ತದೆ.

ಸಿಸ್ಟರ್‌ಗೆ ಆಸೆ ಇತ್ತು. ವಾರ್ಡಿನ ಇನ್‌ಚಾರ್ಜ್ ಹುದ್ದೆಗೆ ಆಸ್ಪತ್ರೆ ಬಿ.ಎಸ್‌ಸಿ. ಕೇಳುತ್ತಿತ್ತು. ನರ್ಸಿಂಗ್ ಶಾಲೆಯಲ್ಲಿ ಟ್ಯೂಟರ್ ಆಗಲಿಕ್ಕೆ, ಮುಂದೆ ಎಂ.ಎಸ್‌ಸಿ.ಗೆ ಹೋಗಲಿಕ್ಕೂ ಅದು ಬೇಕು. ಏಮ್ಸ್‌ನ ನರ್ಸಿಂಗ್ ಅಧಿಕಾರಿ ನೇಮಕಾತಿಗೆ ಮಾತ್ರ ಜಿ.ಎನ್.ಎಂ. ಇದ್ದರೂ ಆಗುತ್ತದೆ, 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಇದ್ದರೆ. ಇದನ್ನು ಸೂಪರಿಂಟೆಂಡೆಂಟ್ ಮುಚ್ಚಿಡದೆ ಹೇಳಿದ್ದು ಸರಿ. ಪದವಿ ಇಲ್ಲದೆ ಬಾಗಿಲೆಲ್ಲ ಮುಚ್ಚಿದೆ ಎಂದು ಹೆದರಿಸಿ ಕಳಿಸಿದವರು ಅರ್ಧ ದಾರಿಯಲ್ಲಿ ಸತ್ಯ ತಿಳಿದು ವಾಪಸು ಬರುತ್ತಾರೆ.

ಹಾಗೆಯೇ ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಅವರ 2003ರ ಅಧ್ಯಯನವನ್ನು ಪೋಸ್ಟರ್ ಮಾಡಿ ಅಂಟಿಸುವ ಚಾಳಿ ಹಲವೆಡೆ ಉಂಟು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಪದವೀಧರ ನರ್ಸ್‌ಗಳ ಪ್ರಮಾಣ 10% ಹೆಚ್ಚಿದ್ದ ಕಡೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಾಧ್ಯತೆ 5% ಕಡಿಮೆ ಇತ್ತು ಎಂಬುದು ಅದರ ಫಲಿತಾಂಶ. ಒಳ್ಳೆಯ ಅಧ್ಯಯನವೇ. ಆದರೆ ಅದು ಅಲ್ಲಿನ ಆಸ್ಪತ್ರೆಗಳದ್ದು, ಎರಡು ಸಂಗತಿ ಒಟ್ಟಿಗೆ ಕಂಡುಬಂದವು ಎಂದು ಹೇಳುತ್ತದೆಯೇ ಹೊರತು ಪದವಿಯೊಂದೇ ಕಾರಣ ಎಂದಲ್ಲ. ಅದನ್ನು ನಮ್ಮ ಜಿ.ಎನ್.ಎಂ. ಸಿಸ್ಟರ್ ಮುಖಕ್ಕೆ ಹಿಡಿದರೆ ಕೇಳಿಸುವುದು ಒಂದೇ: ನಿಮ್ಮಿಂದ ರೋಗಿಗಳು ಸಾಯುತ್ತಿದ್ದಾರೆ.

ಹಾಳೆಯ ಮೇಲೆ ಬರೆದ ಲೆಕ್ಕ

"ಮೇಡಂ, ನೀವು ಹೇಳುದು ಸರಿ. ಆದರೆ ಎರಡು ವರ್ಷ ಮನೆ ಹೇಗೆ ನಡೆಸುದು?" ಎಂದು ಸಿಸ್ಟರ್ ಕೇಳಿದಾಗ ಸೂಪರಿಂಟೆಂಡೆಂಟ್ ಉತ್ತರ ಕೊಡದೆ ಅಕೌಂಟ್ಸ್‌ನವರನ್ನು ಕರೆಸಿದರು. ಈ ಪ್ರಕರಣದ ತಿರುವು ಇಲ್ಲಿದೆ.

ಎರಡು ವರ್ಷದ ಸಂಬಳ ನಷ್ಟ 24 ತಿಂಗಳಿಗೆ 4,68,000. ಕಾಲೇಜು ಶುಲ್ಕ ಒಂದೊಂದು ಕಡೆ ಒಂದೊಂದು ರೀತಿ. ಇಲ್ಲಿ ವರ್ಷಕ್ಕೆ 80,000 ಎಂದಿಟ್ಟುಕೊಂಡರೆ 1,60,000. ಸಮವಸ್ತ್ರ, ಪುಸ್ತಕ, ರೆಕಾರ್ಡ್ ಬುಕ್ಕು, ಬಸ್ಸು, ಪರೀಕ್ಷಾ ಶುಲ್ಕಕ್ಕೆ 40,000. ಒಟ್ಟು 6,68,000.

ಆ ಆಸ್ಪತ್ರೆಯಲ್ಲಿ ಜಿ.ಎನ್.ಎಂ. ಮತ್ತು ಬಿ.ಎಸ್‌ಸಿ.ಗೆ ಇದ್ದ ಸಂಬಳದ ವ್ಯತ್ಯಾಸ ತಿಂಗಳಿಗೆ 2,500. ವರ್ಷಕ್ಕೆ 30,000. ಹಾಕಿದ ದುಡ್ಡು ವಾಪಸು ಬರಲು 22 ವರ್ಷ 3 ತಿಂಗಳು. ಓದು ಮುಗಿಯುವಾಗ 33 ವರ್ಷ ಆಗಿರುವ ಸಿಸ್ಟರ್ ಅಸಲು ಕಾಣುವುದು 55 ದಾಟಿದ ಮೇಲೆ. ಅತ್ತೆ ಇದಕ್ಕೆ ಮೊದಲೇ ತೀರ್ಪು ಕೊಟ್ಟಿದ್ದರು: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆಯಾ? ಇನ್ನು ಎಂತ ಕಲಿಯುದು ನೀನು?" ಹಾಳೆ ಮೇಲಿನ ಲೆಕ್ಕವೂ ಅದನ್ನೇ ಹೇಳಿತು. ಹೆಸರು ಕೊಡದ 61 ಮಂದಿ ಸೋಮಾರಿಗಳಲ್ಲ, ಅವರು ಮನಸ್ಸಿನಲ್ಲೇ ಈ ಲೆಕ್ಕ ಮಾಡಿದ್ದರು.

ಆಡಳಿತ ಮಂಡಳಿಯ ಮುಂದೆ ಸೂಪರಿಂಟೆಂಡೆಂಟ್ ಎರಡು ಬದಲಾವಣೆ ಇಟ್ಟರು. ಪದವಿಯ ಭತ್ಯೆಯನ್ನು 2,500ರಿಂದ 6,000ಕ್ಕೆ ಏರಿಸುವುದು. ಓದುವ 24 ತಿಂಗಳು ಅರ್ಧ ಸಂಬಳದಷ್ಟು, ಅಂದರೆ 9,750, ಅಧ್ಯಯನ ನೆರವು ಮತ್ತು ಅರ್ಧ ಶುಲ್ಕ ಕೊಡುವುದು. ಬರೀ ಭತ್ಯೆ ಏರಿಸಿದರೆ ಅಸಲು 9 ವರ್ಷ 3 ತಿಂಗಳಿಗೆ ಬರುತ್ತದೆ. ನೆರವೂ ಸೇರಿದರೆ ಸಿಸ್ಟರ್ ಕೈಯಿಂದ ಹೋಗುವುದು 3,54,000. ಅದು 4 ವರ್ಷ 11 ತಿಂಗಳಲ್ಲಿ ತೀರುತ್ತದೆ. 22 ವರ್ಷಕ್ಕೆ ಯಾರೂ ಬರುವುದಿಲ್ಲ, ಐದು ವರ್ಷಕ್ಕೆ ಬರುವವರಿದ್ದಾರೆ.

ಆಸ್ಪತ್ರೆಗೆ ಎಷ್ಟು ಹೊರೆ? ಬದಲಿ ನರ್ಸ್‌ಗೆ 16,000, ನೆರವು 9,750, ಸೇರಿ 25,750. ಹಳೆಯ ಸಂಬಳ 19,500 ಉಳಿಯುವುದರಿಂದ ತಿಂಗಳಿಗೆ ಹೆಚ್ಚುವರಿ 6,250. ಎರಡು ವರ್ಷಕ್ಕೆ 1,50,000. ಅರ್ಧ ಶುಲ್ಕ 80,000. ಬದಲಿ ನರ್ಸ್ ಎರಡು ತಿಂಗಳು ಮೊದಲೇ ಸೇರಿ ಜೊತೆಯಲ್ಲಿ ಕೆಲಸ ಕಲಿಯಲು 32,000. ಒಟ್ಟು 2,62,000. ಗಲ್ಫಿಗೋ ಬೆಂಗಳೂರಿಗೋ ಹೊರಟ ಒಬ್ಬ ಐ.ಸಿ.ಯು. ನರ್ಸ್ ಜಾಗಕ್ಕೆ ಹೊಸಬರನ್ನು ತಂದು, ವೆಂಟಿಲೇಟರ್, ಇನ್‌ಫ್ಯೂಷನ್ ಪಂಪು, ಸೆಂಟ್ರಲ್ ಲೈನ್ ಆರೈಕೆ ಎಲ್ಲ ಕಲಿಸಿ ತಯಾರು ಮಾಡುವ ಕಷ್ಟ ಗೊತ್ತಿದ್ದ ಮಂಡಳಿ ಹೆಚ್ಚು ಚೌಕಾಸಿ ಮಾಡಲಿಲ್ಲ. ಚೌಕಾಸಿ ನಡೆದದ್ದು ಬಾಂಡ್ ಮೇಲೆ.

ಬಾಂಡ್, ರಜೆ, ಮೂಲ ಪ್ರಮಾಣಪತ್ರ

ಮಂಡಳಿಯ ಮೊದಲ ಕರಡಿನಲ್ಲಿ ಐದು ವರ್ಷದ ಬಾಂಡ್, ಬಿಟ್ಟು ಹೋದರೆ 5,00,000 ದಂಡ, ಅಲ್ಲಿಯವರೆಗೆ ಮೂಲ ಪ್ರಮಾಣಪತ್ರಗಳು ಆಸ್ಪತ್ರೆಯ ಕಪಾಟಿನಲ್ಲಿ ಎಂದಿತ್ತು. ಸಿಸ್ಟರ್ ಸಹಿ ಹಾಕಲಿಲ್ಲ, ಒಳ್ಳೆಯದೇ ಆಯಿತು. ಮೂಲ ಪ್ರಮಾಣಪತ್ರ ಒತ್ತೆ ಇಟ್ಟುಕೊಳ್ಳುವುದು ಕೆಟ್ಟ ರೂಢಿ. ಅಲ್ಲದೆ ಕಾಲೇಜಿನ ಪ್ರವೇಶಕ್ಕೆ ಅದೇ ಮೂಲ ಪತ್ರಗಳು ಬೇಕು, ಹಾಗಾಗಿ ಈ ಷರತ್ತು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ದಂಡದ ಮೊತ್ತವೂ ನಿಲ್ಲುವಂಥದ್ದಲ್ಲ: 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಒಪ್ಪಂದದಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ.

ಎರಡನೇ ಕರಡು ಸರಳವಾಗಿತ್ತು. ಆಸ್ಪತ್ರೆ ಕೊಟ್ಟ ನೆರವು 2,34,000 ಮತ್ತು ಶುಲ್ಕ 80,000 ಸೇರಿ 3,14,000. ಇದು ಬಡ್ಡಿಯಿಲ್ಲದ ಸಾಲ. ಮರಳಿ ಸೇರಿದ ಮೇಲೆ 36 ತಿಂಗಳು ಕೆಲಸ ಮಾಡಿದರೆ ಪೂರ್ತಿ ಮನ್ನಾ, ತಿಂಗಳಿಗೆ ಸುಮಾರು 8,722ರಂತೆ. 20ನೇ ತಿಂಗಳಿಗೆ ಬಿಟ್ಟರೆ ಉಳಿದ 16 ತಿಂಗಳ ಪಾಲು, ಸುಮಾರು 1,39,600, ಕಟ್ಟಿ ಹೋಗಬಹುದು. ಹೊರಡುವ ಬಾಗಿಲು ತೆರೆದಿದೆ, ಬೆಲೆ ಎಷ್ಟೆಂದು ಮೊದಲೇ ಗೊತ್ತಿದೆ. ಇಂಥ ಪತ್ರಕ್ಕೆ ಜನ ಧೈರ್ಯವಾಗಿ ಸಹಿ ಹಾಕುತ್ತಾರೆ.

ಇನ್ನೊಂದು ಮುಖ್ಯ ಆಯ್ಕೆ: ರಾಜೀನಾಮೆಯೋ ರಜೆಯೋ? ಹೆಚ್ಚಿನ ಕಡೆ "ರಿಸೈನ್ ಮಾಡಿ ಹೋಗಿ, ಮುಗಿಸಿ ಬಂದರೆ ಮತ್ತೆ ತೆಗೆದುಕೊಳ್ಳುತ್ತೇವೆ" ಎನ್ನುತ್ತಾರೆ. ಕೇಳಲು ಎರಡೂ ಒಂದೇ. ಕಾಗದದಲ್ಲಿ ಅಜಗಜಾಂತರ. ಗ್ರಾಚ್ಯುಯಿಟಿಗೆ ಐದು ವರ್ಷದ ನಿರಂತರ ಸೇವೆ ಬೇಕು. ಮಂಜೂರಾದ ರಜೆ ಆ ನಿರಂತರತೆಯನ್ನು ಕಡಿಯುವುದಿಲ್ಲ, ರಾಜೀನಾಮೆ ಕಡಿಯುತ್ತದೆ. ಸಿಸ್ಟರ್ ಮೂಲ ವೇತನ 13,000 ಎಂದುಕೊಂಡರೆ 8 ವರ್ಷ 7 ತಿಂಗಳನ್ನು 9 ವರ್ಷವೆಂದು ಎಣಿಸಿ, 15ನ್ನು 26ರಿಂದ ಭಾಗಿಸುವ ಸೂತ್ರದಲ್ಲಿ, ಇಂದು ಬರುವುದು 67,500. ರಾಜೀನಾಮೆ ಕೊಟ್ಟರೆ ಆ ದುಡ್ಡು ಕೈಗೆ ಬರುತ್ತದೆ, ಆದರೆ ಎಣಿಕೆ ಮತ್ತೆ ಸೊನ್ನೆಯಿಂದ. ರಜೆಯಾದರೆ ಎಣಿಕೆ ಮುಂದುವರಿದು, ಕೊನೆಗೆ ಆಗಿನ ಹೆಚ್ಚಿನ ವೇತನದ ಮೇಲೆ ಬರುತ್ತದೆ.

ಪಿ.ಎಫ್. ವಿಷಯದಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇದೆ. ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ಸಿಗಲು 10 ವರ್ಷ ಬೇಕು. 8 ವರ್ಷ 7 ತಿಂಗಳಿಗೆ ರಾಜೀನಾಮೆ ಕೊಟ್ಟು, ಶುಲ್ಕಕ್ಕೆಂದು ಪಿಂಚಣಿ ಪಾಲನ್ನೂ ಹಿಂತೆಗೆದವರು ಅಷ್ಟೂ ವರ್ಷದ ಸೇವೆಯನ್ನು ಅಳಿಸಿಕೊಂಡ ಹಾಗೆ. ಅದನ್ನು ಮುಟ್ಟದೆ ಬಿಟ್ಟರೆ ಮರಳಿ ಬಂದು 17 ತಿಂಗಳು ವಂತಿಗೆ ಕಟ್ಟಿದರೆ ಹತ್ತು ತುಂಬುತ್ತದೆ.

ಇ.ಎಸ್.ಐ. ಹೇಗೂ ನಿಲ್ಲುತ್ತದೆ, ರಜೆಯಾದರೂ. ಸೆಪ್ಟೆಂಬರ್ ಕೊನೆಗೆ ಸಂಬಳ ನಿಂತರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕದ ವಂತಿಗೆಯ ಫಲ ಮುಂದಿನ ಜೂನ್ ತನಕ ಸಿಗುತ್ತದೆ, ಆಮೇಲೆ ಇಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ ಇದ್ದಾಗ ಇದು ಸಣ್ಣ ವಿಷಯವಲ್ಲ. ಆಸ್ಪತ್ರೆ ರಜೆಯಲ್ಲಿದ್ದವರಿಗೂ ಸಿಬ್ಬಂದಿ ದರದ ಚಿಕಿತ್ಸೆ ಎಂದು ಆದೇಶದಲ್ಲಿ ಒಂದು ಸಾಲು ಸೇರಿಸಿತು. ಅತ್ತೆ ಒಪ್ಪಿದ್ದು ಆ ಸಾಲಿಗೆ, ಪದವಿಗಲ್ಲ.

ಉಳಿದ 3,54,000ಕ್ಕೆ ಗಂಡ ಮೊದಲು ಹೇಳಿದ್ದು ಚಿನ್ನ ಅಡವಿಡುವುದು. ಚಿನ್ನದ ಸಾಲ ಒಂದು ವರ್ಷಕ್ಕೆ ಬಡ್ಡಿ ಕಟ್ಟಿ ಬದಲಾಯಿಸುತ್ತಾ ಹೋಗುವಂಥದ್ದು. ಎರಡು ವರ್ಷ ಸಂಪಾದನೆ ಕಡಿಮೆ ಇರುವ ಮನೆಗೆ ಅದು ಸರಿಹೊಂದುವುದಿಲ್ಲ. ಶಿಕ್ಷಣ ಸಾಲವಾದರೆ 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ಕೋರ್ಸು ಮುಗಿದು ಒಂದು ವರ್ಷದ ತನಕ ಕಂತೂ ಇಲ್ಲ. ಶುಲ್ಕದ ಪಾಲು, ಪುಸ್ತಕ, ಸಮವಸ್ತ್ರಕ್ಕೆ ಶಿಕ್ಷಣ ಸಾಲ, ಮನೆ ಖರ್ಚಿಗೆ ಆಸ್ಪತ್ರೆಯ ನೆರವು ಮತ್ತು ಗಂಡನ ಸಂಪಾದನೆ ಎಂದು ಬೇರ್ಪಡಿಸಿದರು.

ಹೋಗದೇ ಸಿಗುವ ಡಿಗ್ರಿ

ಈ ಮಾತುಕತೆ ನಡೆಯುತ್ತಿದ್ದಾಗಲೇ ಸಿಸ್ಟರ್‌ಗೆ ಒಬ್ಬ ಏಜೆಂಟರ ಫೋನ್ ಬಂದಿತ್ತು. ಬೇರೆ ರಾಜ್ಯದ ಕಾಲೇಜು, ಪರೀಕ್ಷೆಗೆ ಮಾತ್ರ ಹೋದರೆ ಸಾಕು, ಡ್ಯೂಟಿ ಬಿಡಬೇಕಿಲ್ಲ, ಒಟ್ಟು 1,80,000, ಈಗ 25,000 ಮುಂಗಡ. 6,68,000ದ ಲೆಕ್ಕದ ಪಕ್ಕದಲ್ಲಿ ಇಟ್ಟರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಹಾಗಾಗಿ 'ಮೋಸ ಹೋಗಬೇಡಿ' ಎಂದಷ್ಟೇ ಹೇಳಿದರೆ ಸಾಲದು, ಎಲ್ಲಿ ಸಿಕ್ಕಿಬೀಳುತ್ತೀರಿ ಎಂದು ತೋರಿಸಬೇಕು.

ಸಿಕ್ಕಿಬೀಳುವುದು ದಿನಾಂಕದಲ್ಲಿ. ಪದವಿ ಪತ್ರ ಹೇಳುತ್ತದೆ: ಈ ಎರಡು ವರ್ಷ ಆ ಊರಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿನಿ. ಅನುಭವ ಪತ್ರ ಹೇಳುತ್ತದೆ: ಅದೇ ಎರಡು ವರ್ಷ ಮಂಗಳೂರಿನ ಐ.ಸಿ.ಯು.ನಲ್ಲಿ ಪೂರ್ಣಾವಧಿ ನರ್ಸ್. ಪಿ.ಎಫ್. ಪಾಸ್‌ಬುಕ್ ತಿಂಗಳು ತಿಂಗಳೂ ಎರಡನೆಯದಕ್ಕೆ ಸಾಕ್ಷಿ ಹೇಳುತ್ತದೆ. ಗಲ್ಫ್ ದೇಶಗಳ ಲೈಸೆನ್ಸಿಗೆ ಅರ್ಜಿ ಹಾಕಿದಾಗ ಡೇಟಾಫ್ಲೋದಂಥ ಸಂಸ್ಥೆಗಳು ಪತ್ರ ಕೊಟ್ಟ ಮೂಲ ಕಾಲೇಜಿಗೂ ಆಸ್ಪತ್ರೆಗೂ ನೇರವಾಗಿ ಬರೆದು ಕೇಳುತ್ತವೆ. ಆಗ ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಪದವಿಯ ಜೊತೆಗೆ ನಿಜವಾದ ಅನುಭವವೂ ಸಂಶಯಕ್ಕೆ ಬೀಳುತ್ತದೆ, ಇದೇ ದೊಡ್ಡ ನಷ್ಟ. ರಾಜ್ಯ ಕೌನ್ಸಿಲಿನಲ್ಲಿ ಹೆಚ್ಚುವರಿ ಅರ್ಹತೆ ನೋಂದಾಯಿಸಲು ಹೋದಾಗಲೂ ಇದೇ ಪ್ರಶ್ನೆ ಏಳುತ್ತದೆ.

ಕೆಲಸ ಬಿಡದೆ ಓದುವ ಸರಿಯಾದ ದಾರಿ ಇಲ್ಲವೆಂದಲ್ಲ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪೋಸ್ಟ್ ಬೇಸಿಕ್ ಸೇವೆಯಲ್ಲಿರುವ ನರ್ಸ್‌ಗಳಿಗೆಂದೇ ಇರುವುದು: ಕನಿಷ್ಠ 3 ವರ್ಷ, ಪ್ರವೇಶ ಪರೀಕ್ಷೆ ಬರೆಯಬೇಕು, ನಿಗದಿತ ಅಧ್ಯಯನ ಕೇಂದ್ರದಲ್ಲಿ ಪ್ರಾಯೋಗಿಕ ತರಗತಿಗಳಿಗೆ ಹಾಜರಾಗಬೇಕು. ಪಿ.ಯು.ಸಿ. ಆದವರಿಗೆ 2 ವರ್ಷದ ಅನುಭವ, ಹತ್ತನೇ ತರಗತಿ ಮಾತ್ರ ಆಗಿ ಜಿ.ಎನ್.ಎಂ. ಮುಗಿಸಿದವರಿಗೆ 5 ವರ್ಷದ ಅನುಭವ ಬೇಕು. ಅದೇ ಆಸ್ಪತ್ರೆಯ 44 ವರ್ಷದ ಮತ್ತೊಬ್ಬ ಸಿಸ್ಟರ್ ಎಸ್.ಎಸ್.ಎಲ್.ಸಿ. ಮಾತ್ರ ಓದಿದ್ದವರು; ಅವರಿಗೆ ತೆರೆದಿದ್ದ ಬಾಗಿಲು ಇದೊಂದೇ. ಐ.ಸಿ.ಯು. ಸಿಸ್ಟರ್‌ಗೆ ಎರಡೂ ಆಗುತ್ತಿತ್ತು. ನೆರವಿನ ಆದೇಶ ಕೈಯಲ್ಲಿದ್ದುದರಿಂದ ಎರಡು ವರ್ಷದ್ದನ್ನೇ ಆರಿಸಿದರು.

ಕಾಗದಪತ್ರ ತಿಂದ ಏಳು ವಾರ

ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಅಂಕಪಟ್ಟಿ, ಜಿ.ಎನ್.ಎಂ.ನ ಪ್ರತಿ ವರ್ಷದ ಅಂಕಪಟ್ಟಿ, ಡಿಪ್ಲೊಮಾ ಪತ್ರ, ವರ್ಗಾವಣೆ ಪತ್ರ, ನಡತೆ ಪತ್ರ, ಕೌನ್ಸಿಲ್ ನೋಂದಣಿ, ಆಸ್ಪತ್ರೆಯ ಅನುಭವ ಪತ್ರ ಮತ್ತು ನಿರಾಕ್ಷೇಪಣಾ ಪತ್ರ. ಪಟ್ಟಿ ನೋಡಿದರೆ ಒಂದು ಸಂಜೆಯ ಕೆಲಸ. ಹಿಡಿದದ್ದು ಏಳು ವಾರ. ನೋಂದಣಿ ನವೀಕರಣದ ಅವಧಿ ಮುಗಿದಿತ್ತು. ಐದು ವರ್ಷಕ್ಕೊಮ್ಮೆ ಮಾಡಬೇಕಾದ್ದನ್ನು ಆಸ್ಪತ್ರೆ ಕೇಳಿರಲಿಲ್ಲ, ಸಿಸ್ಟರ್ ನೆನಪಿಟ್ಟಿರಲಿಲ್ಲ. ನವೀಕರಣಕ್ಕೆ ಹೋದಾಗ ಹೆಸರು ತೊಡಕಾಯಿತು. ಎಸ್.ಎಸ್.ಎಲ್.ಸಿ.ಯಲ್ಲಿ ಇನಿಶಿಯಲ್, ನೋಂದಣಿಯಲ್ಲಿ ತಂದೆಯ ಹೆಸರು ಬಿಡಿಸಿ ಬರೆದದ್ದು, ಆಧಾರ್‌ನಲ್ಲಿ ಮದುವೆಯ ನಂತರ ಗಂಡನ ಹೆಸರು. ಮೂರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ, ಆಧಾರನ್ನು ಎಸ್.ಎಸ್.ಎಲ್.ಸಿ.ಯ ಹೆಸರಿಗೆ ತಿದ್ದಿಸಬೇಕಾಯಿತು. ಜನವರಿಯಲ್ಲೇ ಆಸ್ಪತ್ರೆಯ ಎಚ್.ಆರ್. ಎಲ್ಲ ನರ್ಸ್‌ಗಳ ನೋಂದಣಿ ಮುಗಿಯುವ ದಿನಾಂಕ ಮತ್ತು ಹೆಸರಿನ ಹೊಂದಾಣಿಕೆ ನೋಡಿಟ್ಟರೆ ಈ ಏಳು ವಾರ ಉಳಿಯುತ್ತದೆ.

ಕಾಲೇಜು ಆರಿಸುವಾಗ ನೋಡಿದ್ದು ಮೂರು: ಆ ವರ್ಷಕ್ಕೆ ಪರಿಷತ್ತಿನ ಮತ್ತು ರಾಜ್ಯ ಕೌನ್ಸಿಲಿನ ಮಾನ್ಯತೆ ಪೋಸ್ಟ್ ಬೇಸಿಕ್ ಕೋರ್ಸಿಗೇ ಇದೆಯೇ (ಬೇಸಿಕ್ ಬಿ.ಎಸ್‌ಸಿ.ಗೆ ಇದ್ದರೆ ಸಾಲದು), ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದೋ ಡೀಮ್ಡ್ ವಿಶ್ವವಿದ್ಯಾಲಯದ್ದೋ, ಮತ್ತು ಬಿ.ಸಿ. ರೋಡಿನಿಂದ ಎಷ್ಟು ಬಸ್ಸು ಬದಲಿಸಬೇಕು. ದೇರಳಕಟ್ಟೆಯ ಕಡೆ ಒಂದು, ಕಂಕನಾಡಿಯ ಕಡೆ ಒಂದು ಪರಿಗಣಿಸಿ, ಮಗಳ ಶಾಲೆಯ ಹೊತ್ತಿಗೆ ಹೊಂದುವುದನ್ನು ಹಿಡಿದರು. ಬಸ್ಸಿನ ಪ್ರಶ್ನೆ ಕ್ಷುಲ್ಲಕ ಎನ್ನುವವರು ಬೆಳಿಗ್ಗೆ ಎಂಟಕ್ಕೆ ಕ್ಲಿನಿಕಲ್ ಪೋಸ್ಟಿಂಗಿಗೆ (ವಾರ್ಡಿನಲ್ಲಿ ಮಾಡುವ ಪ್ರಾಯೋಗಿಕ ತರಬೇತಿಗೆ) ಮಂಗಳೂರಿನ ಪಂಪ್‌ವೆಲ್ ವೃತ್ತ ದಾಟಿ ನೋಡಲಿ.

ಏನು ಕೆಟ್ಟಿತು

ಐ.ಸಿ.ಯು.ನಲ್ಲಿ 8 ಹಾಸಿಗೆ. ಮೂರು ವೆಂಟಿಲೇಟರ್ ನಡೆಯುತ್ತಿದ್ದರೆ ಅವಕ್ಕೆ ಒಬ್ಬೊಬ್ಬರು, ಉಳಿದ ಐದಕ್ಕೆ ಇಬ್ಬರಿಗೊಬ್ಬರಂತೆ ಮೂವರು. ಪಾಳಿಗೆ ಆರು, ದಿನಕ್ಕೆ 18. ವಾರದ ರಜೆ, ಇತರ ರಜೆಗೆ 30% ಸೇರಿಸಿದರೆ 23ರಿಂದ 24. ಇದ್ದವರು 20. ಹೊರಡುವ ಎರಡು ತಿಂಗಳು ಮೊದಲು ಬರಬೇಕಿದ್ದ ಬದಲಿ ನರ್ಸ್ ಬಂದದ್ದು 12 ದಿನ ಮೊದಲು. ಆರು ತಿಂಗಳಲ್ಲಿ ಮತ್ತಿಬ್ಬರು ಗಲ್ಫಿಗೆ ಹೋದರು. ಮಳೆ ಹಿಡಿದು ಡೆಂಗಿ, ಇಲಿಜ್ವರ, ಮಲೇರಿಯ ಒಟ್ಟಿಗೆ ಬಂದಾಗ ಸೂಪರಿಂಟೆಂಡೆಂಟರೇ ಫೋನ್ ಮಾಡಿದರು: "ಶನಿವಾರ, ಭಾನುವಾರ ರಾತ್ರಿ ಮಾತ್ರ ಬನ್ನಿ ಸಿಸ್ಟರ್, ಬೇರೆ ದಾರಿಯಿಲ್ಲ." ದಿನಕ್ಕಿಷ್ಟು ಎಂದು ಕೈಗೆ ದುಡ್ಡು. ಸಿಸ್ಟರ್ ಒಪ್ಪಿದರು. ನೆರವು ಕೊಡುವವರಿಗೆ ಇಲ್ಲ ಎನ್ನುವುದು ಸುಲಭವಲ್ಲ.

ಭಾನುವಾರ ರಾತ್ರಿ ಪಾಳಿ ಮುಗಿಸಿದವರು ಸೋಮವಾರ ಬೆಳಿಗ್ಗೆ ಮಕ್ಕಳ ವಾರ್ಡಿನ ಪೋಸ್ಟಿಂಗಿಗೆ ಬರಲಾಗುವುದಿಲ್ಲ. ಮಕ್ಕಳ ಆರೋಗ್ಯ ಶುಶ್ರೂಷೆಗೆ 240 ಗಂಟೆ ಪ್ರಾಯೋಗಿಕ. ಪರೀಕ್ಷೆಗೆ ಕೂರಲು 80%, ಅಂದರೆ 192 ಗಂಟೆ. ಸಿಸ್ಟರ್‌ದು 178 ಆಗಿತ್ತು. 14 ಗಂಟೆ ಕೊರತೆಯನ್ನು ರಜಾದಿನಗಳ ಪೋಸ್ಟಿಂಗಿನಲ್ಲಿ ತುಂಬಿಸಿಕೊಂಡರು. ಆದರೆ ಪದವಿ ಸಿಗಲು ಪ್ರಾಯೋಗಿಕದಲ್ಲಿ 100% ಬೇಕು, ಹಾಗಾಗಿ ಮೊದಲಿದ್ದ ನಿಜವಾದ ಬಾಕಿ 14 ಅಲ್ಲ, 62 ಗಂಟೆ. 80% ಎಂಬ ಸಂಖ್ಯೆ ಮಾತ್ರ ನೆನಪಿಟ್ಟು ಕೊನೆಯ ತಿಂಗಳು ಗಾಬರಿಯಾಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಮೊದಲ ವರ್ಷ ಬಯೋಕೆಮಿಸ್ಟ್ರಿ ಹೋಯಿತು. ಎರಡು ವಿಷಯದ ತನಕ ಉಳಿದರೆ ಮುಂದಿನ ವರ್ಷಕ್ಕೆ ಬಿಡುತ್ತಾರೆ, ಅದಕ್ಕಿಂತ ಹೆಚ್ಚಾದರೆ ಇಲ್ಲ. ಒಟ್ಟು ಕೋರ್ಸನ್ನು 4 ವರ್ಷದೊಳಗೆ ಮುಗಿಸಬೇಕು. ಮೆಡಿಕಲ್ ಸರ್ಜಿಕಲ್‌ನಲ್ಲಿ ಸಿಸ್ಟರ್‌ಗೆ ಒಳ್ಳೆಯ ಅಂಕ ಬಂತು. ಎ.ಬಿ.ಜಿ. (ರಕ್ತದಲ್ಲಿನ ಅನಿಲ, ಆಮ್ಲೀಯತೆಯ ಪರೀಕ್ಷೆ) ರಿಪೋರ್ಟ್ ನೋಡಿದ ಕೂಡಲೇ ರೋಗಿಯ ಸ್ಥಿತಿ ಹೇಳುವ ಕೈಗೆ ಅದೇ ಆಮ್ಲ-ಕ್ಷಾರ ಸಮತೋಲನವನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆಯುವುದು ಕಷ್ಟವಾಗಿತ್ತು. ಇದು ಬುದ್ಧಿಯ ಕೊರತೆಯಲ್ಲ, ಎಂಟು ವರ್ಷ ನರ್ಸಿಂಗ್ ನೋಟ್ಸಿನ ತುಂಡು ವಾಕ್ಯಗಳನ್ನೇ ಬರೆದ ಕೈ. ಪೂರಕ ಪರೀಕ್ಷೆಗೆ ಮೊದಲು ದಿನಕ್ಕೊಂದು ಪ್ರಶ್ನೆಗೆ ಗಡಿಯಾರ ಇಟ್ಟು ಉತ್ತರ ಬರೆದು ಅಭ್ಯಾಸ ಮಾಡಿದ್ದು ಫಲ ಕೊಟ್ಟಿತು. ಕೋರ್ಸು ಶುರುವಾಗುವ ಎರಡು ತಿಂಗಳು ಮೊದಲೇ ಇದನ್ನು ಆರಂಭಿಸಬೇಕಿತ್ತು.

ಹೇಳಿಕೊಳ್ಳಲಾಗದ ಇನ್ನೊಂದು ಕಿರಿಕಿರಿಯೂ ಇತ್ತು. 24 ವರ್ಷದ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಎದುರು ನಿಂತು 32 ವರ್ಷದ ಐ.ಸಿ.ಯು. ನರ್ಸ್ ಹಾಸಿಗೆ ಹಾಸುವುದನ್ನು ಮಾಡಿ ತೋರಿಸಬೇಕು, ರೆಕಾರ್ಡ್ ಬುಕ್ಕಿಗೆ ಸಹಿ ಕೇಳಬೇಕು. ಕೆಲವು ಕಾಲೇಜುಗಳಲ್ಲಿ ಪೋಸ್ಟ್ ಬೇಸಿಕ್‌ನವರನ್ನೂ ಪಿ.ಯು.ಸಿ. ಮುಗಿಸಿ ಬಂದ ಮಕ್ಕಳ ಹಾಗೆಯೇ ನಡೆಸಿಕೊಳ್ಳುತ್ತಾರೆ. ಬಿಟ್ಟು ಹೋಗುವವರು ಹೇಳುವ ಕಾರಣ ದುಡ್ಡು. ಒಳಗಿನ ಕಾರಣ ಎಷ್ಟೋ ಸಲ ಇದು.

ಎರಡನೇ ವರ್ಷದ ರಾತ್ರಿ ಪಾಳಿಯನ್ನು ಆಸ್ಪತ್ರೆ ಲಿಖಿತವಾಗಿ ನಿಲ್ಲಿಸಿತು: ಕೋರ್ಸು ನಡೆಯುವಾಗ ಕರೆಯುವಂತಿಲ್ಲ, ಕಾಲೇಜಿನ ರಜೆಯಲ್ಲಿ ಸಿಸ್ಟರ್ ಒಪ್ಪಿದರೆ ಮಾತ್ರ. ಸಮುದಾಯ ಆರೋಗ್ಯ, ಮನೋರೋಗ ಶುಶ್ರೂಷೆ ತಲಾ 240 ಗಂಟೆ, ಆಡಳಿತ 180, ಸಂಶೋಧನೆ 120, ಬೋಧನೆ 75. ಮನೋರೋಗ ಪೋಸ್ಟಿಂಗಿಗೆ ಊರು ಬಿಟ್ಟು ಇರಬೇಕಾದ ವಾರಗಳಲ್ಲಿ ಮಗಳನ್ನು ನೋಡಿಕೊಂಡದ್ದು ಅತ್ತೆ. ಸಂಶೋಧನಾ ಯೋಜನೆಗೆ ಸಿಸ್ಟರ್ ಗುಂಪು ಆರಿಸಿದ ವಿಷಯ ಐ.ಸಿ.ಯು.ನಲ್ಲಿ ಕೈ ತೊಳೆಯುವ ರೂಢಿ.

ಮರಳಿದ ಮೇಲೆ

ಫಲಿತಾಂಶ ಬಂದು, ಕೌನ್ಸಿಲಿನಲ್ಲಿ ಹೆಚ್ಚುವರಿ ಅರ್ಹತೆ ನೋಂದಣಿಯಾಗಿ ಪತ್ರ ಕೈಗೆ ಬರಲು ಸಮಯ ಹಿಡಿಯಿತು. 6,000 ಭತ್ಯೆ ಯಾವ ದಿನದಿಂದ ಎಂದು ಆದೇಶದಲ್ಲಿ ಬರೆದಿರಲಿಲ್ಲ. ಅಕೌಂಟ್ಸ್‌ನವರು ನೋಂದಣಿಯ ದಿನದಿಂದ ಎಂದರು, ಸಿಸ್ಟರ್ ಮರಳಿ ಸೇರಿದ ದಿನದಿಂದ ಎಂದರು. ನಾಲ್ಕು ತಿಂಗಳ ವ್ಯತ್ಯಾಸ, 24,000. ವಿಚಿತ್ರವೆಂದರೆ ಸಾಲ ಮನ್ನಾದ 36 ತಿಂಗಳ ಎಣಿಕೆ ಮಾತ್ರ ಮರಳಿ ಸೇರಿದ ದಿನದಿಂದಲೇ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನೇ ತೋರಿಸಿ ಸೂಪರಿಂಟೆಂಡೆಂಟ್ ಭತ್ಯೆಯನ್ನೂ ಆ ದಿನದಿಂದ ಕೊಡಿಸಿದರು. ಮುಂದಿನ ಆದೇಶದಲ್ಲಿ ಎರಡಕ್ಕೂ ಒಂದೇ ದಿನಾಂಕ ಸೇರಿತು.

ಇನ್‌ಚಾರ್ಜ್ ಹುದ್ದೆ ಇನ್ನೂ ಖಾಲಿಯಾಗಿಲ್ಲ. ಸಿಸ್ಟರ್ ಸದ್ಯ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್, ವಾರಕ್ಕೆ ಎರಡು ಪಾಳಿ ಐ.ಸಿ.ಯು.ನಲ್ಲಿ. ಈ ವರ್ಷ ಮೇ 12ಕ್ಕೆ ಸುತ್ತೋಲೆ ಅಂಟಿಸಲಿಲ್ಲ. ಊಟದ ಕೋಣೆಯಲ್ಲಿ ಆ ಲೆಕ್ಕದ ಹಾಳೆಯ ಜೆರಾಕ್ಸ್ ಪ್ರತಿಗಳನ್ನು ಇಟ್ಟರು, ಸಂಬಳದ ಜಾಗ ಖಾಲಿ ಬಿಟ್ಟು. ಇಬ್ಬರು ತುಂಬಿಸಿ ತಂದುಕೊಟ್ಟರು, ಒಬ್ಬರು ಐ.ಸಿ.ಯು.ನವರು, ಇನ್ನೊಬ್ಬರು ಲೇಬರ್ ರೂಮಿನವರು. ಲೇಬರ್ ರೂಮಿನವರನ್ನು ಮೊದಲು ಕಳಿಸಲು ತೀರ್ಮಾನವಾಗಿದೆ. ಐ.ಸಿ.ಯು.ನಲ್ಲಿ ಈಗಲೂ 20 ಮಂದಿಯೇ.